ರಿವಾಲ್ವರ್ ತೋಟಾದ ಲಿವರ್ ಆಕ್ಷನ್ ರೈಫಲ್: .357 ಸಾಕೇ, .44 ಬೇಕೇ? ಯಾವ ಮಾದರಿ ತೆಗೆದುಕೊಳ್ಳಲಿ?

ಗುರಿಹಲಗೆ ಕೇಳಿದ್ದು:

ರಿವಾಲ್ವರ್ ತೋಟಾ ಹಾಕುವ ಲಿವರ್ ಆಕ್ಷನ್ (ಟ್ರಿಗರ್ ಸುತ್ತಲಿನ ಹಿಡಿ ಎಳೆದು ತೋಟಾ ಬದಲಿಸುವ) ರೈಫಲ್ ಒಂದನ್ನು ತೆಗೆದುಕೊಳ್ಳಬೇಕೆಂದಿದ್ದೇನೆ. ಬಳಕೆ ಹೀಗಿದೆ: ಮುಕ್ಕಾಲು ಪಾಲು 25ರಿಂದ 100 ಮೀಟರ್‌ನಲ್ಲಿ ಕಾಗದ ಮತ್ತು ಉಕ್ಕಿನ ಗುರಿ, ಉಳಿದದ್ದು ಅದೇ ದೂರದಲ್ಲಿ ಕಾಡುಹಂದಿಯಷ್ಟು ದೊಡ್ಡ ಪ್ರಾಣಿಯ ಬೇಟೆ. ಖಾಲಿ ಕೇಸ್‌ಗೆ ಮದ್ದು, ಗುಂಡು ಹಾಕಿ ತೋಟಾ ನಾನೇ ತುಂಬಿಕೊಳ್ಳುತ್ತೇನೆ. .357 ರಿವಾಲ್ವರ್ ಈಗಾಗಲೇ ಇದೆ.

ನನ್ನ ಗೊಂದಲಗಳು:

1. .357 ಮ್ಯಾಗ್ನಮ್, .44 ಮ್ಯಾಗ್ನಮ್, .45 ಕೋಲ್ಟ್ ಇವುಗಳಲ್ಲಿ ಯಾವುದು?
2. ವಿಂಚೆಸ್ಟರ್ ಮಾದರಿಯ 1873, 1892, ಮಾರ್ಲಿನ್ 1894, ಹೆನ್ರಿ ಬಿಗ್ ಬಾಯ್: ನೋಟ ಬಿಟ್ಟರೆ ಒಳಗೆ ನಿಜವಾದ ವ್ಯತ್ಯಾಸ ಏನು?
3. .357 ರೈಫಲ್‌ನಲ್ಲಿ .38 ಸ್ಪೆಷಲ್ (ಅದೇ ಛೇಂಬರ್‌ಗೆ ಹೋಗುವ ಗಿಡ್ಡ ತೋಟಾ) ಸಿಕ್ಕಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ, ಸಲೀಸಾಗಿ ಓಡುತ್ತದೆ ಎನ್ನುವವರೂ ಇದ್ದಾರೆ. ಯಾವುದು ನಿಜ?
4. ನಳಿಗೆ 16 ಇಂಚೋ, 20 ಇಂಚೋ, 24 ಇಂಚೋ?

---

ನಿಧಾನಮದ್ದು ಉತ್ತರ:

ಮೊದಲು ತೋಟಾ ನಿರ್ಧಾರವಾಗಲಿ, ರೈಫಲ್ ಆಮೇಲೆ. ನೀವು ಹೇಳಿದ ಬಳಕೆಗೆ ನನ್ನ ಮತ .357ಕ್ಕೆ. ರಿವಾಲ್ವರ್ ಅದೇ ತೋಟಾದ್ದು ಅನ್ನುವುದು ಅದಕ್ಕೆ ಚಿಕ್ಕ ಕಾರಣ. ಉದ್ದ ನಳಿಗೆಯಿಂದ ಹೆಚ್ಚು ಲಾಭ ಪಡೆಯುವ ತೋಟಾ ಅದು ಅನ್ನುವುದು ದೊಡ್ಡ ಕಾರಣ.

158 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನ ಕಾರ್ಖಾನೆ ತೋಟಾ 4 ಇಂಚಿನ ರಿವಾಲ್ವರ್‌ನಿಂದ ಸೆಕೆಂಡಿಗೆ ಸುಮಾರು 1,235 ಅಡಿ ವೇಗದಲ್ಲಿ ಹೊರಡುತ್ತದೆ. ಅದೇ ತೋಟಾ 18 ಇಂಚಿನ ನಳಿಗೆಯಲ್ಲಿ 1,800 ಅಡಿಯ ಆಸುಪಾಸಿಗೆ ಹೋಗುತ್ತದೆ. ವೇಗ ಒಂದೂವರೆ ಪಟ್ಟಿನ ಹತ್ತಿರ ಅಂದರೆ ಶಕ್ತಿ ಎರಡು ಪಟ್ಟು ದಾಟುತ್ತದೆ, ನಳಿಗೆಯ ಮೂತಿಯ ಬಳಿ 1,500 ಜೂಲ್‌ನಷ್ಟು. 240 ಗ್ರೇನ್‌ನ .44 ಮ್ಯಾಗ್ನಮ್ 4 ಇಂಚಿನಲ್ಲಿ 1,180 ಅಡಿ, 20 ಇಂಚಿನಲ್ಲಿ 1,760 ಅಡಿ, ಶಕ್ತಿ 2,200 ಜೂಲ್ ಹತ್ತಿರ. ಮಾಮೂಲಿ .45 ಕೋಲ್ಟ್‌ಗೆ ಇಷ್ಟು ಏರಿಕೆ ಇಲ್ಲ. 255 ಗ್ರೇನ್ ಗುಂಡು ರಿವಾಲ್ವರ್‌ನಲ್ಲಿ 860 ಅಡಿ ಹೋದರೆ ರೈಫಲ್‌ನಲ್ಲಿ 1,000ಕ್ಕೆ ಮುಟ್ಟುವುದೇ ಹೆಚ್ಚು.

ಈ ವ್ಯತ್ಯಾಸ ಮದ್ದಿನಿಂದ ಬರುತ್ತದೆ. ಮ್ಯಾಗ್ನಮ್ ತೋಟಾಗಳಲ್ಲಿ ಹೆಚ್.110, ಡಬ್ಲ್ಯೂ.296, 2400 ಥರದ ನಿಧಾನವಾಗಿ ಉರಿಯುವ ಮದ್ದು ತುಂಬ ಇರುತ್ತದೆ. ಗುಂಡು ಮುಂದೆ ಸರಿಯುತ್ತಿದ್ದರೂ ಅನಿಲ ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಮೃದು ಹೊಡೆತದ .38 ಸ್ಪೆಷಲ್‌ನಲ್ಲಿ ಬೇಗ ಉರಿಯುವ ಮದ್ದು ಚಿಟಿಕೆಯಷ್ಟೇ ಇರುತ್ತದೆ. ನಳಿಗೆಯ ಮೊದಲ ಕೆಲವು ಇಂಚಿನಲ್ಲೇ ಅದರ ಕೆಲಸ ಮುಗಿದು, ಮುಂದೆ ಉಜ್ಜಾಟ ಮಾತ್ರ ಉಳಿಯುತ್ತದೆ. ಹಾಗಾಗಿ ತೀರಾ ಕಡಿಮೆ ಮದ್ದಿನ ತೋಟಾ 24 ಇಂಚಿನಲ್ಲಿ 16 ಇಂಚಿಗಿಂತ ನಿಧಾನವಾಗಿ ಹೊರಬರುವುದೂ ಉಂಟು. ರಿವಾಲ್ವರ್‌ಗೆಂದು ಅತಿ ಮೃದುವಾಗಿ ತುಂಬಿದ ತಾಮ್ರಹೊದಿಕೆಯ ಗುಂಡು ಉದ್ದ ನಳಿಗೆಯೊಳಗೆ ನಿಂತುಬಿಡುವ ಅಪಾಯವೂ ಇದೆ. ಶಬ್ದ ಸಣ್ಣದಾಗಿ ಕೇಳಿಸಿ ಗುರಿಹಲಗೆಯಲ್ಲಿ ತೂತು ಕಾಣದಿದ್ದರೆ ಲಿವರ್ ಎಳೆದು ಮುಂದಿನದನ್ನು ಹಾರಿಸಬೇಡಿ. ರೈಫಲ್ ಖಾಲಿ ಮಾಡಿ ನಳಿಗೆಯೊಳಗೆ ಕಡ್ಡಿ ಹಾಕಿ ನೋಡಿ.

ನಳಿಗೆ ಉದ್ದಕ್ಕೆ ಉತ್ತರ ಇದರಲ್ಲೇ ಇದೆ. .357ರ ಲಾಭದ ಬಹುಪಾಲು 16ರಿಂದ 18 ಇಂಚಿನೊಳಗೆ ಬಂದುಬಿಡುತ್ತದೆ. 20 ಇಂಚು ತೆಗೆದುಕೊಳ್ಳುವುದು ವೇಗಕ್ಕಲ್ಲ. ಹಿಂದಿನ ಮುಂದಿನ ಸೈಟ್‌ಗಳ ನಡುವಿನ ದೂರ ಹೆಚ್ಚುತ್ತದೆ, ಮ್ಯಾಗಜಿನ್ ಕೊಳವೆ 8ರ ಬದಲು 10 ತೋಟಾ ಹಿಡಿಯುತ್ತದೆ, ಮೂತಿ ತುಸು ಭಾರವಾಗಿ ನಿಂತು ಹೊಡೆಯುವಾಗ ಕೈ ಸ್ಥಿರವಾಗಿರುತ್ತದೆ. 24 ಇಂಚು ನೋಡಲು ಚೆಂದ, ಪೊದೆಯೊಳಗೆ ತೊಡಕು. ನಿಮಗೆ 20 ಇಂಚು ಸರಿಹೊಂದುತ್ತದೆ.

ದೂರದ ಬಗ್ಗೆ ಒಂದು ಮಾತು. ಇವೆಲ್ಲ ಗಿಡ್ಡ, ಚಪ್ಪಟೆ ಮೂತಿಯ ಗುಂಡುಗಳು, ಗಾಳಿ ಬೇಗ ಹಿಡಿದು ನಿಲ್ಲಿಸುತ್ತದೆ. 100 ಮೀಟರ್‌ಗೆ ಗುರಿ ಹೊಂದಿಸಿದ .44 ಮ್ಯಾಗ್ನಮ್ 200 ಮೀಟರ್‌ನಲ್ಲಿ ಅರ್ಧ ಮೀಟರ್‌ನಷ್ಟು ಕೆಳಗೆ ಬೀಳುತ್ತದೆ. ಬೇಟೆಗೆ .357 ಆದರೆ 100 ಮೀಟರ್, .44 ಆದರೆ ಅದಕ್ಕಿಂತ 25 ಮೀಟರ್ ಹೆಚ್ಚು, ಅಲ್ಲಿಗೆ ನಿಲ್ಲಿಸಿ. .357ರಲ್ಲಿ ಹಂದಿಗೆ ಹೊಡೆಯುವುದಾದರೆ 125 ಗ್ರೇನ್ ಟೊಳ್ಳುಮೂತಿ ಬೇಡವೇ ಬೇಡ. ರಿವಾಲ್ವರ್ ವೇಗಕ್ಕೆಂದು ಮಾಡಿದ ಆ ಗುಂಡು ರೈಫಲ್ ವೇಗದಲ್ಲಿ ಚರ್ಮದಡಿಯಲ್ಲೇ ಚೂರಾಗುತ್ತದೆ. 158 ಅಥವಾ 180 ಗ್ರೇನ್‌ನ ಗಟ್ಟಿ, ಚಪ್ಪಟೆ ಮೂತಿಯ ಗುಂಡು ಹಾಕಿ.

---

ಲಿಂಕ್73 ಉತ್ತರ:

ಎರಡನೇ ಪ್ರಶ್ನೆ ನನಗಿರಲಿ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಒಳಗೆ ಮೂರು ಬೇರೆ ಬೇರೆ ಯಂತ್ರಗಳು.

1873. ಬೋಲ್ಟನ್ನು (ತೋಟಾ ಕೂರುವ ಛೇಂಬರನ್ನು ಹಿಂದಿನಿಂದ ಮುಚ್ಚುವ ತುಂಡು) ಹಿಡಿದಿಡುವುದು ಮೊಣಕಾಲಿನಂತೆ ಮಡಚುವ ಎರಡು ಜೋಡಿ ಲಿಂಕ್‌ಗಳು. ಲಿವರ್ ಮುಚ್ಚಿದಾಗ ಅವು ನೇರವಾಗಿ ನಿಂತು ಹಿಮ್ಮೊಗದ ಒತ್ತಡವನ್ನು ತಾಳುತ್ತವೆ. ಬೇರೆ ಬೀಗ ಇಲ್ಲ. ತೋಟಾವನ್ನು ಮೇಲೆತ್ತುವುದು ಇಟ್ಟಿಗೆಯಾಕಾರದ ಲೋಹದ ಅಚ್ಚು. ಅದು ನೆಟ್ಟಗೆ ಮೇಲೇರಿ ತೋಟಾವನ್ನು ಛೇಂಬರ್‌ನ ಬಾಯಿಗೆ ನೇರವಾಗಿ ತಂದು ನಿಲ್ಲಿಸುತ್ತದೆ, ಓರೆಯಾಗಿ ತೂರಿಸುವ ಮಾತೇ ಇಲ್ಲ. ಈ ಸಲೀಸು ಬೇರೆ ಯಾವುದರಲ್ಲೂ ಸಿಗದು. ವೇಗದ ಸ್ಪರ್ಧೆಗಳಲ್ಲಿ ಇಂದಿಗೂ 1873 ಮುಂದಿರುವುದು ಇದರಿಂದಲೇ. ಕೊರತೆಯೂ ಅಲ್ಲೇ ಇದೆ: ಲಿಂಕ್‌ಗಳ ಪಿನ್ನು ಸವೆದಷ್ಟೂ ಬೋಲ್ಟ್ ಮತ್ತು ಛೇಂಬರ್ ನಡುವೆ ಸಡಿಲ ಹೆಚ್ಚುತ್ತದೆ. ಈಗ ಉಬೆರ್ಟಿ ಕಂಪನಿ ಮಾಡುವ .357 ಮಾದರಿ ಕಾರ್ಖಾನೆಯ ಪ್ರಮಾಣಿತ ತೋಟಾಕ್ಕೆ ಸಾಕಷ್ಟು ಗಟ್ಟಿ. ಆದರೆ ದಿನಾ ಪೂರ್ಣ ಮ್ಯಾಗ್ನಮ್ ಹೊಡೆಯುವವರ ರೈಫಲ್ ಅದಲ್ಲ. ತೂಕವೂ ಮೂರೂವರೆ ಕಿಲೋ ಹತ್ತಿರ.

1892. ಜಾನ್ ಬ್ರೌನಿಂಗ್ ವಿನ್ಯಾಸ. ಬೋಲ್ಟ್‌ನ ಎರಡೂ ಪಕ್ಕ ಲಂಬವಾಗಿ ಏರಿ ಬಂದು ಸಿಕ್ಕಿಸುವ ಎರಡು ಉಕ್ಕಿನ ಬೀಗಗಳು. ಈ ಅಳತೆಯ ರೈಫಲ್‌ಗಳಲ್ಲಿ ಇದರಷ್ಟು ಗಟ್ಟಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ರೋಸಿ ಕಂಪನಿ ಇದೇ ವಿನ್ಯಾಸವನ್ನು .454 ಕ್ಯಾಸುಲ್‌ಗೂ ಮಾಡಿತ್ತು, ಅದರ ಒತ್ತಡದ ಮಿತಿ 65,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). .357ರದ್ದು 35,000, .44 ಮ್ಯಾಗ್ನಮ್‌ನದು 36,000. ಹಾಗೆಂದು .45 ಕೋಲ್ಟ್ ಎಂದು ಬರೆದಿರುವ ರೈಫಲ್‌ಗೆ ಮನಸ್ಸಿಗೆ ಬಂದಷ್ಟು ಮದ್ದು ತುಂಬಲು ಇದು ಅನುಮತಿಯಲ್ಲ. ಛೇಂಬರ್ ಗೋಡೆಯ ದಪ್ಪ, ಉಕ್ಕಿನ ಹದ ಎರಡೂ ಬೇರೆ ಇರುತ್ತವೆ. ರೋಸಿಯಲ್ಲದೆ ಕಿಯಾಪ್ಪಾ ಇಟಲಿಯಲ್ಲಿ, ವಿಂಚೆಸ್ಟರ್ ಹೆಸರಲ್ಲಿ ಮಿರೋಕು ಜಪಾನಿನಲ್ಲಿ ಇದನ್ನು ಮಾಡುತ್ತವೆ. ಒಳಭಾಗದ ನಯದಲ್ಲಿ ಮಿರೋಕು ಮುಂದು. ಹಗುರ, 16 ಇಂಚಿನದು ಎರಡೂವರೆ ಕಿಲೋ ಅಷ್ಟೇ. ಖಾಲಿ ಕೇಸ್ ನೇರ ಮೇಲಕ್ಕೆ ಹಾರುವುದರಿಂದ ರಿಸೀವರ್ (ಯಂತ್ರವಿರುವ ಪೆಟ್ಟಿಗೆ) ಮೇಲೆ ಸ್ಕೋಪ್ ಕೂರಿಸಲಾಗದು.

ಮಾರ್ಲಿನ್ 1894 ಮತ್ತು ಹೆನ್ರಿ ಬಿಗ್ ಬಾಯ್. ರಿಸೀವರ್‌ನ ಮೇಲ್ಭಾಗ ಮುಚ್ಚಿದ್ದು, ಕೇಸ್ ಬಲಕ್ಕೆ ಹಾರುತ್ತದೆ. ಸ್ಕೋಪ್ ಬೇಕೆಂದರೆ ಇವೆರಡರಲ್ಲಿ ಒಂದನ್ನೇ ನೋಡಿ. ಸ್ವಚ್ಛಮಾಡಲೂ ಮಾರ್ಲಿನ್ ಬಲು ಸುಲಭ: ಲಿವರ್ ಅರ್ಧ ತೆರೆದು, ಅದರ ಒಂದು ಸ್ಕ್ರೂ ಬಿಚ್ಚಿ, ಲಿವರ್ ಕೆಳಕ್ಕೆ ಎಳೆದು, ಬೋಲ್ಟ್ ಹಿಂದಕ್ಕೆ ಜಾರಿಸಿದರೆ ನಳಿಗೆಯನ್ನು ಹಿಂದಿನಿಂದ ತೊಳೆಯಬಹುದು. ಬೋಲ್ಟ್ ಹೊರಬಂದ ಕೂಡಲೇ ಎಜೆಕ್ಟರ್ (ಖಾಲಿ ಕೇಸ್ ಎಸೆಯುವ ತುಂಡು) ಸಡಿಲವಾಗಿ ಬೀಳುತ್ತದೆ, ಕೈ ಅಡ್ಡ ಇಟ್ಟುಕೊಳ್ಳಿ. 1892ರಲ್ಲಿ ಬೋಲ್ಟ್ ತೆಗೆಯಬೇಕಾದರೆ ಇಡೀ ಯಂತ್ರವನ್ನೇ ಬಿಚ್ಚಬೇಕು. ಹಾಗಾಗಿ ಅದರ ಮಾಲೀಕರು ಮೂತಿಯಿಂದ ಕಡ್ಡಿ ಹಾಕುತ್ತಾರೆ, ಮೂತಿಯ ಅಂಚು ಸವೆಯುತ್ತದೆ, ಗುರಿಯಲ್ಲಿ ತೂತುಗಳ ಗುಂಪು ಹರಡುತ್ತದೆ. ಎಳೆದು ತೊಳೆಯುವ ಹಗ್ಗದ ಬ್ರಷ್ ಬಳಸಿದರೆ ಈ ತೊಂದರೆಯೇ ಇಲ್ಲ.

ಹೆನ್ರಿಯ ಹಳೆಯ ಬಿಗ್ ಬಾಯ್‌ಗಳಿಗೆ ಪಕ್ಕದ ಬಾಗಿಲಿಲ್ಲ, ಮುಂದಿನ ಕೊಳವೆ ಎಳೆದು ತುಂಬಬೇಕು. ಹೊಸದರಲ್ಲಿ ಪಕ್ಕದ ಬಾಗಿಲೂ ಇದೆ, ಕೊಳವೆಯೂ ಇದೆ. ಇದು ನಿಜವಾಗಿ ಉಪಯೋಗದ ವಿಷಯ: ಖಾಲಿ ಮಾಡುವಾಗ ಉಳಿದವುಗಳಲ್ಲಿ ಪ್ರತಿ ತೋಟಾವನ್ನೂ ಛೇಂಬರ್ ಮೂಲಕವೇ ಹೊರಹಾಕಬೇಕು, ಹೆನ್ರಿಯಲ್ಲಿ ಒಳಕೊಳವೆ ಎಳೆದು ಅಷ್ಟನ್ನೂ ಅಂಗೈಗೆ ಸುರಿದುಕೊಳ್ಳಬಹುದು. ಕೊನೆಗೆ ಛೇಂಬರ್‌ನಲ್ಲಿ ಒಂದು ಉಳಿದಿರಬಹುದು, ಅದನ್ನು ಮರೆಯಬಾರದು. ಹಿತ್ತಾಳೆ ರಿಸೀವರ್‌ನದು ನಾಲ್ಕು ಕಿಲೋಗೆ ತುಸು ಕಡಿಮೆ ತೂಗುತ್ತದೆ. ಹೊತ್ತು ನಡೆಯಲು ಉಕ್ಕಿನದೇ ಮೇಲು.

ವಿಂಚೆಸ್ಟರ್ 94ರಲ್ಲೂ ರಿವಾಲ್ವರ್ ತೋಟಾದ ಮಾದರಿಗಳು ಬಂದಿವೆ. ಆ ಯಂತ್ರದ ಉದ್ದ .30-30 ಎಂಬ ಉದ್ದನೆಯ ರೈಫಲ್ ತೋಟಾಕ್ಕೆ ಹೊಂದಿದ್ದು. ಅಷ್ಟು ದೂರದ ಓಟದಲ್ಲಿ ಗಿಡ್ಡ ತೋಟಾ ಅಲುಗಾಡುತ್ತದೆ. ನಿಮ್ಮ ಪಟ್ಟಿಗೆ ಅದನ್ನು ಸೇರಿಸದಿದ್ದದ್ದು ಸರಿ.

---

ಹಿತ್ತಾಳೆಕೇಸು ಉತ್ತರ:

ಮೂರನೇ ಪ್ರಶ್ನೆಗೆ: ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ, ಅವರ ತೋಟಾ ಬೇರೆ ಬೇರೆ. ಲಿವರ್ ರೈಫಲ್ ನೋಡುವುದು ತೋಟಾದ ಹೆಸರನ್ನಲ್ಲ. ಒಟ್ಟು ಉದ್ದ ಮತ್ತು ಮೂತಿಯ ಆಕಾರ, ಈ ಎರಡನ್ನೇ.

.38 ಸ್ಪೆಷಲ್ ಕೇಸ್ 29.3 ಮಿ.ಮೀ., .357ರದ್ದು 32.8 ಮಿ.ಮೀ. .357ರ ಒಟ್ಟು ಉದ್ದದ ಮಿತಿ 40.4 ಮಿ.ಮೀ., .38ರದ್ದು 39.4 ಮಿ.ಮೀ. ಮಿತಿಗಳಲ್ಲಿ ಅಂತರ ಒಂದೇ ಮಿ.ಮೀ. ಹಾಗಾಗಿ ಉದ್ದ ಮೂತಿಯ 158 ಗ್ರೇನ್ ಗುಂಡಿನ .38 ತೋಟಾ, 37 ಮಿ.ಮೀ.ಗೆ ಕಡಿಮೆಯಾಗದಂತೆ ತುಂಬಿದ್ದು, ಸರಿಯಿರುವ ರೈಫಲ್‌ನಲ್ಲಿ ಓಡುತ್ತದೆ. ಕೇಸ್‌ನ ಬಾಯಿಗೆ ಸಮವಾಗಿ ಕೂರಿಸಿದ 148 ಗ್ರೇನ್ ವಾಡ್‌ಕಟರ್ (ಮೂತಿ ಪೂರ್ತಿ ಚಪ್ಪಟೆಯಿರುವ ಗುಂಡು) ಒಟ್ಟು 30 ಮಿ.ಮೀ. ಕೂಡ ಇರುವುದಿಲ್ಲ. ಅದು ಯಾವ ಮಾದರಿಯಲ್ಲೂ ನೆಚ್ಚಿಕೊಳ್ಳುವಂತೆ ಓಡದು. ಒಂದೊಂದಾಗಿ ಕೈಯಿಂದ ಛೇಂಬರ್‌ಗೆ ಹಾಕಿ ಹೊಡೆಯಬಹುದು, ಅಷ್ಟೇ.

ಗಿಡ್ಡ ತೋಟಾ ಸಿಕ್ಕಿಕೊಳ್ಳುವುದು ಹೇಗೆ? 1873ರಲ್ಲಿ ಎತ್ತುವ ಅಚ್ಚಿನೊಳಗೆ ನಿಂತ ತೋಟಾವೇ ಅದರ ನಂತರ ಬರುವ ತೋಟಾಕ್ಕೆ ತಡೆ. ಅದು ಗಿಡ್ಡವಾದರೆ ಮ್ಯಾಗಜಿನ್‌ನಲ್ಲಿರುವ ಮುಂದಿನ ತೋಟಾದ ರಿಮ್ (ಬುಡದ ಅಂಚು) ಅಚ್ಚಿನೊಳಗೆ ತಲೆಹಾಕುತ್ತದೆ, ಅಚ್ಚು ಮೇಲೇಳುವಾಗ ಅಲ್ಲೇ ಕಚ್ಚಿಕೊಳ್ಳುತ್ತದೆ. ಉದ್ದವಾದರೆ ಅದೇ ತೋಟಾದ ಮೂತಿ ಮ್ಯಾಗಜಿನ್‌ನೊಳಗೆ ಉಳಿದು ಅಚ್ಚು ಏಳುವುದೇ ಇಲ್ಲ. 1892ರಲ್ಲೂ ಮಾರ್ಲಿನ್‌ನಲ್ಲೂ ತಡೆ ಬೇರೆ ಭಾಗದ ಕೆಲಸ, ಆದ್ದರಿಂದ ಉದ್ದದ ವಿಷಯದಲ್ಲಿ ಅವು ಸ್ವಲ್ಪ ಹೊಂದಿಕೊಳ್ಳುತ್ತವೆ. ಆದರೆ ಅವುಗಳಲ್ಲಿ ತೋಟಾ ಓರೆಯಾಗಿ ಛೇಂಬರ್‌ಗೆ ಹೋಗಬೇಕು. ಅಲ್ಲಿ ಮೂತಿಯ ಆಕಾರ ಮುಖ್ಯವಾಗುತ್ತದೆ. ಸೆಮಿ ವಾಡ್‌ಕಟರ್‌ನ ಚೂಪು ಭುಜ ಛೇಂಬರ್‌ನ ಮೇಲಂಚಿಗೆ ತಗುಲಿ ನಿಲ್ಲುತ್ತದೆ. ಇಳಿಜಾರು ಮೂತಿ, ತುದಿಯಲ್ಲಿ ಚಪ್ಪಟೆ ಇರುವ ಗುಂಡು ಜಾರಿಕೊಂಡು ಹೋಗುತ್ತದೆ.

ತುದಿ ಚಪ್ಪಟೆ ಇರಲೇಬೇಕಾದ್ದಕ್ಕೆ ಇನ್ನೊಂದು ಕಾರಣವಿದೆ, ಅದು ಸುರಕ್ಷತೆಯದು. ಕೊಳವೆ ಮ್ಯಾಗಜಿನ್‌ನಲ್ಲಿ ಪ್ರತಿ ಗುಂಡಿನ ತುದಿ ಮುಂದಿನ ತೋಟಾದ ಪ್ರೈಮರ್‌ಗೆ (ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆ) ಆತುಕೊಂಡಿರುತ್ತದೆ. ಚೂಪು ಗಟ್ಟಿ ತುದಿ ಹೊಡೆತದ ಅದುರಿಗೆ ಪ್ರೈಮರ್ ಸಿಡಿಸಬಹುದು. ಹಾರ್ನಡಿ ಕಂಪನಿಯ ಮೆತ್ತನೆ ರಬ್ಬರಿನಂಥ ತುದಿಯ ಎಫ್‌ಟಿಎಕ್ಸ್ ಗುಂಡು ಇದಕ್ಕೆಂದೇ ಮಾಡಿದ್ದು. ಆದರೆ ಆ ತೋಟಾದ .357 ಮತ್ತು .44 ಕೇಸ್‌ಗಳನ್ನು ಮಾಮೂಲಿಗಿಂತ ಗಿಡ್ಡವಾಗಿ ಕತ್ತರಿಸಿರುತ್ತಾರೆ. ಉದ್ದ ಮೂತಿಯ ಗುಂಡು ಹಾಕಿಯೂ ಒಟ್ಟು ಉದ್ದ ಮಿತಿಯೊಳಗೆ ಇರಬೇಕಲ್ಲ. ತೋಟಾ ತುಂಬುವವರು ಆ ಖಾಲಿ ಕೇಸ್‌ಗಳನ್ನು ಬೇರೆ ಡಬ್ಬದಲ್ಲಿಡಿ. ಮಾಮೂಲಿ ಕೇಸ್‌ಗೆ ಹೊಂದಿಸಿದ ಡೈನಲ್ಲಿ (ಕೇಸ್ ಒತ್ತುವ ಅಚ್ಚು) ಅವುಗಳಿಗೆ ಕ್ರಿಂಪ್, ಅಂದರೆ ಗುಂಡನ್ನು ಹಿಡಿದಿಡುವ ಬಾಯಿಯ ಮಡಿಕೆ, ಬೀಳುವುದೇ ಇಲ್ಲ.

ಕ್ರಿಂಪ್ ಮಾತು ಬಂದದ್ದರಿಂದ ಹೇಳುತ್ತೇನೆ, ಏಕೆಂದರೆ ರಿವಾಲ್ವರ್‌ಗೆ ತುಂಬಿ ರೂಢಿಯಾದವರು ಎಡವುವ ಜಾಗ ಇದೇ. ರಿವಾಲ್ವರ್‌ನಲ್ಲಿ ಹೊಡೆತದ ಹಿಂದೊದೆತಕ್ಕೆ ಗುಂಡು ಕೇಸ್‌ನಿಂದ ಮುಂದೆ ಸರಿಯಲು ನೋಡುತ್ತದೆ. ಕೊಳವೆ ಮ್ಯಾಗಜಿನ್‌ನಲ್ಲಿ ಉಲ್ಟಾ, ಸ್ಪ್ರಿಂಗಿನ ಒತ್ತಡ ಮತ್ತು ಮುಂದಿನ ತೋಟಾಗಳ ತೂಕ ಸೇರಿ ಗುಂಡನ್ನು ಒಳಕ್ಕೆ ಒತ್ತುತ್ತವೆ. ಗುಂಡು ಒಳಸರಿದರೆ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ, ತೋಟಾ ಗಿಡ್ಡವಾಗಿ ಸಿಕ್ಕಿಕೊಳ್ಳುತ್ತದೆ. ಗುಂಡಿನ ಸುತ್ತಲಿರುವ ತೋಡಿಗೆ ಕೇಸ್‌ನ ಬಾಯಿ ಮಡಚಿ ಕೂರುವಂಥ ರೋಲ್ ಕ್ರಿಂಪ್ ಬೇಕು. ತೋಡು ಇಲ್ಲದ, ತಾಮ್ರ ಲೇಪಿಸಿದ ಗುಂಡುಗಳನ್ನು ಈ ರೈಫಲ್‌ಗೆ ಆರಿಸಬೇಡಿ. ಪರೀಕ್ಷೆ ಸರಳ: ಒಂದು ತೋಟಾದ ಉದ್ದ ಕ್ಯಾಲಿಪರ್‌ನಲ್ಲಿ ಅಳೆದು ಗುರುತು ಮಾಡಿ. ಮ್ಯಾಗಜಿನ್‌ಗೆ ಎಲ್ಲಕ್ಕಿಂತ ಮೊದಲು ಅದನ್ನು ತುಂಬಿ, ಅದು ಕೊಳವೆಯ ಮುಂದಿನ ತುದಿಗೆ ಹೋಗುತ್ತದೆ. ಉಳಿದವನ್ನು ಹೊಡೆದು, ಗುರುತಿನದನ್ನು ಹೊಡೆಯದೆ ಹೊರತೆಗೆದು ಮತ್ತೆ ಅಳೆಯಿರಿ. ಇನ್ನೊಂದು ಸಲ ಗುರುತಿನದನ್ನು ಕೊನೆಗೆ ತುಂಬಿ ಹಾಗೇ ನೋಡಿ. 0.2 ಮಿ.ಮೀ.ಗಿಂತ ಹೆಚ್ಚು ಗಿಡ್ಡವಾಗಿದ್ದರೆ ಡೈ ಇನ್ನಷ್ಟು ಇಳಿಸಬೇಕು.

.38 ಹೊಡೆದ ಮೇಲೆ .357 ಹಾಕುವ ಮೊದಲು ಛೇಂಬರ್ ಉಜ್ಜಿ. ಗಿಡ್ಡ ಕೇಸ್‌ನ ಬಾಯಿ ಮುಗಿಯುವಲ್ಲಿ, ಕೊನೆಯ ಮೂರೂವರೆ ಮಿ.ಮೀ.ನಲ್ಲಿ, ಮಸಿ ಮತ್ತು ಸೀಸದ ಬಳೆ ಕಟ್ಟುತ್ತದೆ. .357ರ ಉದ್ದ ಕೇಸ್ ಆ ಬಳೆಯೊಳಗೆ ತುರುಕಿಕೊಂಡರೆ ಗುಂಡನ್ನು ಸಲೀಸಾಗಿ ಬಿಡುವುದಿಲ್ಲ, ಒತ್ತಡ ಏರುತ್ತದೆ, ಆಮೇಲೆ ಖಾಲಿ ಕೇಸ್ ಹೊರಬರಲು ಹಟಮಾಡುತ್ತದೆ. ನೀವು ತುಂಬಿಕೊಳ್ಳುವವರಾದ್ದರಿಂದ ಇದಕ್ಕಿಂತ ಒಳ್ಳೆ ದಾರಿ ಇದೆ. ಮೃದು ತೋಟಾವನ್ನೂ .357 ಕೇಸ್‌ನಲ್ಲೇ ತುಂಬಿ. ಬಳೆಯ ತಾಪತ್ರಯ ಇಲ್ಲ, ಉದ್ದವೂ ಸದಾ ಒಂದೇ.

---

ಗುರಿಹಲಗೆ:

ಇಷ್ಟು ವಿವರಕ್ಕೆ ಧನ್ಯವಾದ. .357 ಎಂದು ಹೆಚ್ಚುಕಡಿಮೆ ಖಚಿತವಾಯಿತು. .45 ಕೋಲ್ಟ್ ಪರವಾಗಿ ಯಾರೂ ಮಾತಾಡಲಿಲ್ಲ, ಕಾರಣ ವೇಗ ಮಾತ್ರವೇ? ಮತ್ತೆ, ಬಳಸಿದ ಮಾರ್ಲಿನ್ 1894 ನೋಡಲು ಹೋಗುವವನಿದ್ದೇನೆ. ಏನೇನು ಪರೀಕ್ಷಿಸಬೇಕು?

---

ನಿಧಾನಮದ್ದು ಉತ್ತರ:

.45 ಕೋಲ್ಟ್ ಒಳ್ಳೆಯ ತೋಟಾ, ಆದರೆ ಹುಟ್ಟಿದ್ದು ರಿವಾಲ್ವರ್‌ಗೆ. ಆ ಕಾಲದ ಕೇಸ್‌ನ ರಿಮ್ ತೀರಾ ಕಿರಿದಾಗಿತ್ತು. ರಿವಾಲ್ವರ್‌ನಲ್ಲಿ ಕಡ್ಡಿ ಒಳಗಿನಿಂದ ತಳ್ಳುವುದರಿಂದ ಅದು ಸಾಕಿತ್ತು, ರೈಫಲ್‌ನಲ್ಲಿ ಕೇಸ್ ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರ್‌ಗೆ ಹಿಡಿಯಲು ಅಂಚೇ ಸಿಗುತ್ತಿರಲಿಲ್ಲ. 19ನೇ ಶತಮಾನದ ಲಿವರ್ ರೈಫಲ್‌ಗಳು .44-40 ಎಂಬ ತೋಟಾದಲ್ಲಿ ಬಂದವೇ ಹೊರತು .45 ಕೋಲ್ಟ್‌ನಲ್ಲಿ ಬರಲಿಲ್ಲ. ಈಗಿನ ಕೇಸ್‌ಗಳಲ್ಲಿ ರಿಮ್‌ನ ಮುಂದೆ ತೋಡು ಕೊರೆದಿರುವುದರಿಂದ ಹೊರತೆಗೆಯುವ ತೊಂದರೆ ಇಲ್ಲ.

ಉಳಿದಿರುವುದು ಮಸಿಯ ತೊಂದರೆ. ಪ್ರಮಾಣಿತ .45 ಕೋಲ್ಟ್‌ನ ಒತ್ತಡದ ಮಿತಿ 14,000 ಪಿಎಸ್‌ಐ ಅಷ್ಟೇ. ಅಷ್ಟರಲ್ಲಿ ದಪ್ಪ ಗೋಡೆಯ ನೇರ ಕೇಸ್ ಉಬ್ಬಿ ಛೇಂಬರ್‌ಗೆ ಅಂಟಿಕೊಳ್ಳುವುದಿಲ್ಲ. ಅನಿಲ ಸಂದಿಯಲ್ಲಿ ಹಿಂದಕ್ಕೆ ನುಗ್ಗಿ ಕೇಸ್‌ನ ಪಕ್ಕವನ್ನೆಲ್ಲ ಕಪ್ಪುಮಾಡಿ, ಎತ್ತುವ ಭಾಗದವರೆಗೂ ಮಸಿ ತುಂಬುತ್ತದೆ. .44-40ರ ಕುತ್ತಿಗೆ ತೆಳು, ಕಡಿಮೆ ಒತ್ತಡಕ್ಕೂ ಉಬ್ಬಿ ಸಂದಿ ಮುಚ್ಚುತ್ತದೆ, ಯಂತ್ರ ಚೊಕ್ಕವಾಗಿ ಉಳಿಯುತ್ತದೆ. ಆದರೆ ಆ ತೆಳು ಕುತ್ತಿಗೆ ತೋಟಾ ತುಂಬುವಾಗ ಸ್ವಲ್ಪ ಓರೆಯಾದರೂ ಸುಕ್ಕುಗಟ್ಟುತ್ತದೆ, ಕೇಸ್‌ಗಳಿಗೆ ಎಣ್ಣೆಯನ್ನೂ ಸವರಬೇಕು. .357, .44 ಮ್ಯಾಗ್ನಮ್ ಕೇಸ್‌ಗಳನ್ನು ಕಾರ್ಬೈಡ್ ಡೈನಲ್ಲಿ ಒಣಗಿದ್ದ ಹಾಗೇ ಒತ್ತಬಹುದು.

---

ಲಿಂಕ್73 ಉತ್ತರ:

ಬಳಸಿದ ಮಾರ್ಲಿನ್ ನೋಡುವಾಗ ಈ ಕ್ರಮದಲ್ಲಿ ಹೋಗಿ. ಜೊತೆಗೆ ಮದ್ದು, ಪ್ರೈಮರ್ ಇಲ್ಲದ ಹತ್ತು ಡಮ್ಮಿ ತೋಟಾ, ಸಣ್ಣ ಟಾರ್ಚ್, ಕ್ಯಾಲಿಪರ್ ಒಯ್ಯಿರಿ. ಡಮ್ಮಿಗೆ ನೀವು ಮುಂದೆ ಬಳಸಲಿರುವ ಗುಂಡನ್ನೇ ಹಾಕಿ, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ.

ಮೊದಲು ಲಿವರ್ ತೆರೆದು ಛೇಂಬರ್, ಎತ್ತುವ ಭಾಗ, ಮ್ಯಾಗಜಿನ್‌ನ ಬಾಯಿ ಮೂರನ್ನೂ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಖಾಲಿ ಎಂದು ಖಚಿತವಾದ ಮೇಲೆ ಮುಂದಿನದು.

ಮೂತಿಯ ಅಂಚಿಗೆ ಟಾರ್ಚ್ ಹಿಡಿಯಿರಿ. ನಳಿಗೆಯೊಳಗಿನ ಸುರುಳಿ ತೋಡುಗಳು ಅಂಚಿನವರೆಗೂ ಚೂಪಾಗಿ ಕಾಣಬೇಕು. ಒಂದು ಪಕ್ಕ ಸವೆದು ಮಸುಕಾಗಿದ್ದರೆ ಯಾರೋ ಉಕ್ಕಿನ ಕಡ್ಡಿಯನ್ನು ಮೂತಿಯಿಂದ ಒರಗಿಸಿ ಉಜ್ಜಿದ್ದಾರೆ. ಅಂಚನ್ನು ಮತ್ತೆ ಕತ್ತರಿಸಬಹುದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಹ್ಯಾಮರನ್ನು ಅರ್ಧ ಎಳೆತದಲ್ಲಿ ನಿಲ್ಲಿಸಿ ಹೆಬ್ಬೆರಳಿಂದ ಮುಂದಕ್ಕೆ ಗಟ್ಟಿಯಾಗಿ ಒತ್ತಿ, ಜಾರಬಾರದು. ಪೂರ್ತಿ ಎಳೆದೂ ಹಾಗೇ ಒತ್ತಿ. ಜಾರಿದರೆ ರೈಫಲ್ ಅಲ್ಲೇ ಇಟ್ಟು ಹೊರಡಿ. ಲಿವರ್ ಒಂದಿಷ್ಟು ತೆರೆದಿರುವಾಗ ಟ್ರಿಗರ್ ಹ್ಯಾಮರನ್ನು ಬಿಡಬಾರದು, ಅದನ್ನೂ ನೋಡಿ.

ಈಗ ಮುಖ್ಯವಾದದ್ದು. ಲಿವರ್‌ನ ಮೂಗಿನಂಥ ಭಾಗ ತೋಟಾ ಎತ್ತುವ ಕ್ಯಾರಿಯರ್‌ನ ಅಡಿಯನ್ನು ಉಜ್ಜುತ್ತದೆ. ಆ ಮೂಗಿನ ಅಂಚು ಕಾರ್ಖಾನೆಯಿಂದಲೇ ಚೂಪಾಗಿರುವುದುಂಟು. ಅದು ಕ್ಯಾರಿಯರ್‌ನಲ್ಲಿ ತೋಡು ಕೊರೆಯುತ್ತಾ ಹೋಗುತ್ತದೆ. ತೋಡು ಆಳವಾದಂತೆ ಕ್ಯಾರಿಯರ್ ಏಳಬೇಕಾದಷ್ಟು ಏಳುವುದಿಲ್ಲ, ಮ್ಯಾಗಜಿನ್‌ನ ಬಾಯಿ ಸಕಾಲಕ್ಕೆ ಮುಚ್ಚುವುದಿಲ್ಲ, ಎರಡನೇ ತೋಟಾ ಅದರಡಿಗೆ ಜಾರಿ ಬಂದು ಲಿವರ್ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಕಚ್ಚಿಕೊಳ್ಳುತ್ತದೆ. ಇದನ್ನೇ ಮಾರ್ಲಿನ್ ಜ್ಯಾಮ್ ಅನ್ನುವುದು. ಡಮ್ಮಿ ಹತ್ತನ್ನೂ ತುಂಬಿ ಮೊದಲು ನಿಧಾನವಾಗಿ, ಮತ್ತೆ ತುಂಬಿ ಜೋರಾಗಿ ಲಿವರ್ ಆಡಿಸಿ. ನಿಧಾನದ ಸಲವೇ ದೋಷ ಹೆಚ್ಚು ಕಾಣುವುದು. ಕ್ಯಾರಿಯರ್‌ನ ಅಡಿಯಲ್ಲಿ ಬೆಳ್ಳಗೆ ಹೊಳೆಯುವ ಪಟ್ಟೆ ಇದ್ದರೆ ಸಹಜ, ಉಗುರು ಸಿಕ್ಕುವಷ್ಟು ತೋಡು ಇದ್ದರೆ ಸಹಜವಲ್ಲ. ಚಿಕಿತ್ಸೆ ಇದೆ: ಕ್ಯಾರಿಯರ್ ಬದಲಿಸಿ, ಜೊತೆಗೆ ಲಿವರ್‌ನ ಆ ಅಂಚನ್ನು ನಯವಾದ ಕಲ್ಲಿನಲ್ಲಿ ಉರುಟಾಗಿಸಬೇಕು. ಕ್ಯಾರಿಯರ್ ಮಾತ್ರ ಬದಲಿಸಿದರೆ ಹೊಸದನ್ನೂ ಅದೇ ಅಂಚು ತಿನ್ನುತ್ತದೆ.

ಡಮ್ಮಿ ಹೊರಹಾಕುವಾಗ ಎಜೆಕ್ಟರ್ ಪ್ರತಿ ಸಲವೂ ಒಂದೇ ದಿಕ್ಕಿಗೆ ಎಸೆಯಬೇಕು. ಒಂದೆರಡು ಅಲ್ಲೇ ಮಗುಚಿಕೊಂಡರೆ ಎಜೆಕ್ಟರ್‌ನ ತೆಳು ಸ್ಪ್ರಿಂಗ್ ಸೋತಿದೆ, ಇದು ಸಣ್ಣ ದುರಸ್ತಿ.

ಯಾವ ಕಾಲದ್ದು ಎಂದು ತಿಳಿಯಲು ನಳಿಗೆಯ ಬುಡ ನೋಡಿ. ಅಂಡಾಕಾರದೊಳಗೆ ಜೆಎಂ ಅಚ್ಚಿದ್ದರೆ ಮೂಲ ಮಾರ್ಲಿನ್ ನಳಿಗೆ. ಆರ್‌ಇಪಿ ಎಂದಿದ್ದರೆ ರೆಮಿಂಗ್ಟನ್ ಕಾಲದ್ದು. ರುಗರ್ 2020ರಲ್ಲಿ ಮಾರ್ಲಿನ್ ಕೊಂಡ ನಂತರದ ರೈಫಲ್‌ಗಳ ಸರಣಿ ಸಂಖ್ಯೆ ಆರ್‌ಎಂ ಅಕ್ಷರಗಳಿಂದ ಶುರುವಾಗುತ್ತದೆ. ಅಚ್ಚು ನೋಡಿ ಬೆಲೆ ಏರಿಸುವವರಿದ್ದಾರೆ. ಅಚ್ಚು ಯಾವುದೇ ಇರಲಿ, ಮೇಲಿನ ಪರೀಕ್ಷೆ ಬಿಡಬೇಡಿ.

---

ಭಾರಗುಂಡು ಉತ್ತರ:

.357 ಕಡೆ ಎಲ್ಲರೂ ವಾಲಿದ್ದರಿಂದ .44ರ ಪರವಾಗಿ ಒಂದು ಮಾತು. ಬೇಟೆಯೇ ಮುಖ್ಯವಾಗಿದ್ದರೆ, ಗುರಿಹಲಗೆ ಆಮೇಲಿನದಾಗಿದ್ದರೆ, .44 ಮ್ಯಾಗ್ನಮ್ ತೆಗೆದುಕೊಳ್ಳಿ. 240 ಗ್ರೇನ್‌ನ ಚಪ್ಪಟೆ ಗುಂಡು ಓರೆಯಾಗಿ ನಿಂತ ದೊಡ್ಡ ಹಂದಿಯಲ್ಲೂ ಭುಜ ಮುರಿದು ಆಚೆ ಹೋಗುವ ಸಾಧ್ಯತೆ ಹೆಚ್ಚು. .357ರಲ್ಲಿ ನೀವು ಕೋನ ನೋಡಿ ಕಾಯಬೇಕು. ಮೃದು ಅಭ್ಯಾಸಕ್ಕೆ .44 ಸ್ಪೆಷಲ್ ಇದೆ, ಉದ್ದದ ನಿಯಮ .38ಕ್ಕೆ ಹೇಳಿದಂತೆಯೇ.

ಆದರೆ .44ರಲ್ಲಿ ಎರಡು ಅಳತೆ ನೋಡದೆ ಕೊಳ್ಳಬೇಡಿ. ಒಂದು, ನಳಿಗೆಯ ಸುರುಳಿ ತೋಡಿನ ತಿರುವು. ಹಳೆಯ ಮಾರ್ಲಿನ್ 1894ರ .44 ನಳಿಗೆಗಳಲ್ಲಿ 38 ಇಂಚಿಗೆ ಒಂದು ಸುತ್ತು. 240 ಗ್ರೇನ್ ಚೆನ್ನಾಗಿ ಹೋಗುತ್ತದೆ, 300 ಗ್ರೇನ್‌ನ ಉದ್ದ ಗುಂಡು ನಿಧಾನವಾಗಿ ಹೊರಟರೆ ವಾಲಾಡಿ ಕಾಗದದಲ್ಲಿ ಅಂಡಾಕಾರದ ತೂತು ಬೀಳುತ್ತದೆ. ರುಗರ್ ಮಾಡುವ ಹೊಸ 1894ರಲ್ಲಿ 20 ಇಂಚಿಗೆ ಒಂದು ಸುತ್ತು. ಎರಡು, ನಳಿಗೆಯ ಒಳವ್ಯಾಸ. ಹೊದಿಕೆಯ .44 ಗುಂಡು 0.429 ಅಥವಾ 0.430 ಇಂಚು, ಹಳೆಯ ನಳಿಗೆಗಳ ತೋಡು 0.431, 0.432 ಇರುವುದು ಸಾಮಾನ್ಯ. ಸೀಸದ ಗುಂಡು ನಳಿಗೆಗಿಂತ ಚಿಕ್ಕದಾದರೆ ಅನಿಲ ಪಕ್ಕದಿಂದ ನುಗ್ಗಿ ಸೀಸ ಕರಗಿಸಿ ತೋಡಿಗೆ ಬಳಿಯುತ್ತದೆ. ಬೋಲ್ಟ್ ತೆಗೆದು, ಎಣ್ಣೆ ಸವರಿದ ಮೆತ್ತನೆ ಶುದ್ಧ ಸೀಸದ ಉಂಡೆಯನ್ನು ನಳಿಗೆಯಲ್ಲಿ ತಳ್ಳಿ ಹೊರತೆಗೆದು ಅತಿ ದಪ್ಪ ಭಾಗ ಅಳೆಯಿರಿ. ಸೀಸದ ಗುಂಡು ಅದಕ್ಕಿಂತ 0.001 ಇಂಚು ದಪ್ಪವಿರಲಿ. ರೈಫಲ್ ವೇಗಕ್ಕೆ ಗುಂಡಿನ ಬುಡದಲ್ಲಿ ತಾಮ್ರದ ಗ್ಯಾಸ್ ಚೆಕ್ (ಅನಿಲ ತಡೆಯುವ ಬಿಲ್ಲೆ) ಇದ್ದರೆ ಇನ್ನೂ ಒಳ್ಳೆಯದು.

ಹಗುರ 1892ರಲ್ಲಿ .44 ತೆಗೆದುಕೊಂಡರೆ ಬಾಗಿದ ಉಕ್ಕಿನ ಬಟ್ ತಟ್ಟೆಯದು ಬೇಡ. ಎರಡೂವರೆ ಕಿಲೋದ ರೈಫಲ್‌ನ ಪೂರ್ಣ ಹೊಡೆತವನ್ನು ಆ ತಟ್ಟೆಯ ಎರಡು ಮೊನೆಗಳು ಭುಜಕ್ಕೆ ಮುಟ್ಟಿಸುತ್ತವೆ. ಚಪ್ಪಟೆ ತಟ್ಟೆ ಅಥವಾ ರಬ್ಬರ್ ಇರಲಿ.

---

ಗುರಿಹಲಗೆ:

.357ರಲ್ಲಿ ತಿರುವಿನ ತೊಂದರೆ ಇದೆಯೇ? ಮತ್ತೆ ತೆರೆದ ಸೈಟ್‌ನಲ್ಲೇ ಮುಂದುವರಿಯಬೇಕೆಂದಿದ್ದೇನೆ. .357ಕ್ಕೆ ಹೊಂದಿಸಿದರೆ ಮೃದು ತೋಟಾ ಬೇರೆ ಕಡೆ ಬೀಳುವುದಿಲ್ಲವೇ?

---

ಹಿತ್ತಾಳೆಕೇಸು ಉತ್ತರ:

ಮಾರ್ಲಿನ್, ಹೆನ್ರಿ .357ಗಳಲ್ಲಿ 16 ಇಂಚಿಗೆ ಒಂದು ಸುತ್ತು, ಯಾವ ಗುಂಡಿಗೂ ಸಾಕು. ರೋಸಿಯಲ್ಲಿ 30 ಇಂಚಿಗೆ ಒಂದು. 125ರಿಂದ 158 ಗ್ರೇನ್‌ಗೆ ತೊಂದರೆಯಿಲ್ಲ. 180ಕ್ಕಿಂತ ಭಾರದ್ದನ್ನು ನಿಧಾನವಾಗಿ ಹೊಡೆಯುವ ಯೋಚನೆ ಇದ್ದರೆ ಮಾತ್ರ ಬೇರೆ ನೋಡಿ.

ಮೃದು ತೋಟಾ ಬೇರೆ ಕಡೆ ಬೀಳುತ್ತದೆ, ಖಂಡಿತ. 50 ಮೀಟರ್‌ನಲ್ಲೇ ಕೆಲವು ಸೆಂಟಿಮೀಟರ್ ಅಂತರ ಕಾಣುತ್ತದೆ, 100ರಲ್ಲಿ ಅದು ಗೇಣುಗಟ್ಟಲೆ ಆಗುತ್ತದೆ. ಹಿಂದಿನ ಸೈಟ್‌ನ ಮೆಟ್ಟಿಲು ಪಟ್ಟಿ ಇರುವುದೇ ಇದಕ್ಕೆ. ಪೂರ್ಣ ತೋಟಾಕ್ಕೆ ಕೆಳಗಿನ ಮೆಟ್ಟಿಲಲ್ಲಿ ಗುರಿ ಹೊಂದಿಸಿ, ಮೃದು ತೋಟಾಕ್ಕೆ ಎಷ್ಟನೇ ಮೆಟ್ಟಿಲು ಎಂದು ಹೊಡೆದು ಗುರುತು ಮಾಡಿಕೊಳ್ಳಿ.

ಕೆಳಗಿನ ಮೆಟ್ಟಿಲಲ್ಲೂ ಗುಂಡು ಮೇಲೆ ಬೀಳುತ್ತಿದ್ದರೆ ಮುಂದಿನ ಸೈಟ್ ಎತ್ತರ ಸಾಲದು ಎಂದರ್ಥ. ಎಷ್ಟು ಎತ್ತರಿಸಬೇಕೆಂಬುದಕ್ಕೆ ಲೆಕ್ಕವಿದೆ: ಗುರಿಯಲ್ಲಿನ ತಪ್ಪನ್ನು ಎರಡು ಸೈಟ್‌ಗಳ ನಡುವಿನ ದೂರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. 50 ಮೀಟರ್‌ನಲ್ಲಿ 10 ಸೆಂ.ಮೀ. ಮೇಲೆ ಬೀಳುತ್ತಿದ್ದು ಸೈಟ್‌ಗಳ ನಡುವೆ 500 ಮಿ.ಮೀ. ಇದ್ದರೆ 1 ಮಿ.ಮೀ. ಎತ್ತರದ ಮುಂದಿನ ಸೈಟ್ ಬೇಕು. ಎಡಬಲದ ತಪ್ಪಿಗೂ ಇದೇ ಲೆಕ್ಕ. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೇ ಹಿತ್ತಾಳೆ ಮೊಳೆಯಿಂದ ತಟ್ಟಿ ಸರಿಸಿ. ಉಕ್ಕಿನ ಮೊಳೆ ಗುರುತು ಬಿಡುತ್ತದೆ.

---

ಲಿಂಕ್73 ಉತ್ತರ:

ಮಾರ್ಲಿನ್ ಕೈಬಿಟ್ಟು ಹೊಸ ರೋಸಿ 92ರತ್ತ ಹೋದರೆ, ಮೊದಲ ದಿನ ಹೊಡೆಯುವ ಮೊದಲೇ ಮಾಡಬೇಕಾದ ಎರಡು ಕೆಲಸ. ತೋಟಾ ತುಂಬುವ ಪಕ್ಕದ ಬಾಗಿಲಿನ ಅಂಚು ಹೆಬ್ಬೆರಳು ಕೊಯ್ಯುವಷ್ಟು ಚೂಪಾಗಿರುವುದುಂಟು. 400ರ ಮರಳುಕಾಗದದಲ್ಲಿ ಒಳ ಅಂಚನ್ನು ಮಾತ್ರ ಉಜ್ಜಿ, ಎಣ್ಣೆ ಸವರಿ. ಎಜೆಕ್ಟರ್ ಸ್ಪ್ರಿಂಗ್ ಬೇಕಾದ್ದಕ್ಕಿಂತ ಬಿರುಸು. ಲಿವರ್ ತೆರೆಯುವ ಕೊನೆಯಲ್ಲಿ ಬಿಗಿ ಬರುವುದು, ಖಾಲಿ ಕೇಸ್ ನಾಲ್ಕಾರು ಮೀಟರ್ ಹಾರಿ ಹುಲ್ಲಲ್ಲಿ ಕಳೆದುಹೋಗುವುದು ಅದರಿಂದಲೇ. ಇದಕ್ಕೆಂದೇ ಮೆದು ಸ್ಪ್ರಿಂಗ್ ಸಿಗುತ್ತದೆ. ಇರುವುದನ್ನೇ ಕತ್ತರಿಸುವುದಾದರೆ ಒಂದು ಸಲಕ್ಕೆ ಒಂದೇ ಸುತ್ತು ಕತ್ತರಿಸಿ, ಜೋಡಿಸಿ ಡಮ್ಮಿಯಿಂದ ನೋಡಿ, ಆಮೇಲೆ ಮುಂದಿನ ಸುತ್ತು. ಮೂಲ ಸ್ಪ್ರಿಂಗಿನ ಜೊತೆ ಇನ್ನೊಂದು ತರಿಸಿಟ್ಟುಕೊಂಡೇ ಕತ್ತರಿ ಹಿಡಿಯಿರಿ.

ಬೋಲ್ಟ್ ಬಿಚ್ಚುವಾಗ ಎರಡೂ ಪಕ್ಕದ ತೋಟಾ ದಾರಿಪಟ್ಟಿಗಳು ಎಡ ಬಲ ಅದಲುಬದಲಾಗದಂತೆ ಬಟ್ಟೆಯ ಮೇಲೆ ಹಾಗೇ ಎದುರುಬದುರಾಗಿ ಇಡಿ. ಎಡಗಡೆಯದರಲ್ಲಿ ತೋಟಾ ತಡೆಯುವ ಸಣ್ಣ ತುಂಡು ಮತ್ತು ಅದರ ಸ್ಪ್ರಿಂಗ್ ಇರುತ್ತದೆ. ಅದು ಬಿದ್ದುಹೋದದ್ದು ಗೊತ್ತಾಗದೆ ಜೋಡಿಸಿದರೆ ಲಿವರ್ ಎಳೆದಾಗ ಎರಡೆರಡು ತೋಟಾ ಹೊರಬರುತ್ತವೆ.